ಹೊಸಬರ ಲೇಖನ ನೇರವಾಗಿ ಪ್ರಕಟವಾಗಬೇಕೇ, ಪರಿಶೀಲನೆಯ ನಂತರ ಬರಬೇಕೇ?

ತುಂಗಾತೀರ:
ಕನ್ನಡ ವಿಕಿಪೀಡಿಯ 2003ರ ಜೂನ್‌ನಲ್ಲಿ ಆರಂಭವಾಯಿತು. ಅಂದಿನಿಂದಲೂ ಯಾರು ಬೇಕಾದರೂ ಬಂದು ಬರೆಯಬಹುದು ಎಂಬ ನಂಬಿಕೆಯ ಮೇಲೆಯೇ ಅದು ಬೆಳೆದಿದೆ. ಆ ನಂಬಿಕೆಯನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಹೊಸ ಸದಸ್ಯರು ಮೊದಲ ಕೆಲವು ಲೇಖನಗಳನ್ನು ಪ್ರಯೋಗಪುಟದಲ್ಲಿ, ಅಂದರೆ ಅಭ್ಯಾಸಕ್ಕೆಂದೇ ಇರುವ ತಮ್ಮ ಸ್ವಂತ ಪುಟದಲ್ಲಿ, ಬರೆಯಲಿ, ಅನುಭವಸ್ಥರೊಬ್ಬರು ಓದಿ ಒಪ್ಪಿದ ಮೇಲೆ ಅವು ವಿಶ್ವಕೋಶಕ್ಕೆ ಸೇರಲಿ ಎಂಬುದಷ್ಟೇ ನನ್ನ ಪ್ರಸ್ತಾಪ. ಇಂಗ್ಲಿಷ್ ವಿಕಿಪೀಡಿಯದಲ್ಲಿ 2018ರಿಂದ, ಖಾತೆ ತೆರೆದು 4 ದಿನ ಕಳೆದು 10 ಸಂಪಾದನೆಗಳಾಗುವವರೆಗೆ, ಯಾರೂ ನೇರವಾಗಿ ಹೊಸ ಲೇಖನ ಸೇರಿಸುವಂತಿಲ್ಲ. ಅಷ್ಟು ಜನಬಲವಿರುವವರೇ ಬಾಗಿಲಿಗೆ ಅಗುಳಿ ಹಾಕಿಕೊಂಡಿರುವಾಗ, ಬೆರಳೆಣಿಕೆಯ ನಿರ್ವಾಹಕರನ್ನು (ಲೇಖನ ಅಳಿಸುವ ಅಧಿಕಾರವುಳ್ಳ ಸದಸ್ಯರನ್ನು) ನೆಚ್ಚಿಕೊಂಡಿರುವ ನಾವು ಏನು ಮಾಡಬೇಕು? ಕಾಲೇಜಿನ ಅಂಕಕ್ಕಾಗಿ ಒಂದೇ ಸಂಜೆ ಹತ್ತಾರು ಲೇಖನಗಳು ಬರುತ್ತವೆ. ಹೆಚ್ಚಿನವಕ್ಕೆ ಉಲ್ಲೇಖವಿರುವುದಿಲ್ಲ, ವಾಕ್ಯಗಳು ಯಂತ್ರಾನುವಾದದವು, ಬರೆದವರು ಮತ್ತೆ ಇತ್ತ ತಲೆ ಹಾಕುವುದಿಲ್ಲ.

ಬಯಲುಸೀಮೆ:
ತಮ್ಮ ಕಾಳಜಿಯನ್ನು ಒಪ್ಪುತ್ತೇನೆ, ಉಪಾಯವನ್ನು ಒಪ್ಪಲಾರೆ. ನಾನು ಕಂಡ ಒಂದು ಲೇಖನದ ಕಥೆ ಹೇಳುತ್ತೇನೆ. ಪದವಿ ವಿದ್ಯಾರ್ಥಿನಿಯೊಬ್ಬಳು ರಾಗಿಯ ಬಗ್ಗೆ ಬರೆದಿದ್ದಳು. ಮೊದಲ ವಾಕ್ಯವೇ "ರಾಗಿಯು ಒಂದು ಬೆರಳು ಸಿರಿಧಾನ್ಯವಾಗಿದೆ" ಎಂದಿತ್ತು, ಇಂಗ್ಲಿಷಿನ 'ಫಿಂಗರ್ ಮಿಲೆಟ್'ನ ಪದಶಃ ಅನುವಾದ. ಅಳಿಸಲು ಹಾಕಬೇಕೆಂದು ಕೈ ಎತ್ತಿದವನು, ಅದೇಕೋ ತಡೆದು, ಚರ್ಚೆಪುಟದಲ್ಲಿ "ನಿಮ್ಮ ಮನೆಯಲ್ಲಿ ರಾಗಿ ಬೆಳೆಯುತ್ತೀರಾ?" ಎಂದು ಕೇಳಿದೆ. ಆಕೆ ಮಾಗಡಿ ಕಡೆಯ ರೈತರ ಮಗಳು. ಎರಡು ದಿನದಲ್ಲಿ ಕುಂಟೆ ಹೊಡೆಯುವುದು, ಗುಣಿ ಪದ್ಧತಿಯ ನಾಟಿ, ಕೊಯ್ದ ತೆನೆಯನ್ನು ಮೆದೆ ಒಟ್ಟುವುದು ಎಲ್ಲವೂ ಅಚ್ಚ ಕನ್ನಡದಲ್ಲಿ ಬಂದವು. ಅಜ್ಜಿಯ ಮಾತು ವಿಶ್ವಕೋಶಕ್ಕೆ ಆಧಾರವಾಗದು ಎಂದು ವಿವರಿಸಿದಾಗ ಬೇಸರಪಡದೆ ಗ್ರಂಥಾಲಯಕ್ಕೆ ಹೋಗಿ, ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ರೂಪಿಸಿದ ಇಂಡಾಫ್ ತಳಿಗಳ ಬಗ್ಗೆ ಉಲ್ಲೇಖಸಮೇತ ಒಂದು ವಿಭಾಗವನ್ನೇ ಸೇರಿಸಿದಳು. ಆ ಲೇಖನ ಪ್ರಯೋಗಪುಟದಲ್ಲಿ ಒಪ್ಪಿಗೆಗೆ ಕಾಯುತ್ತಾ ಬಿದ್ದಿದ್ದರೆ ನಾನದನ್ನು ನೋಡುತ್ತಲೇ ಇರಲಿಲ್ಲ, ಆಕೆಯೂ ಉಳಿಯುತ್ತಿರಲಿಲ್ಲ.

ಕಡಲಕರೆ:
ಇಬ್ಬರೂ ಹೊಸಬರ ಬಗ್ಗೆಯೇ ಮಾತನಾಡುತ್ತಿದ್ದೀರಿ. ಸಣ್ಣ ಸಮುದಾಯ ಹಾಳಾಗುವುದು ಹೊಸಬರಿಂದ ಮಾತ್ರವೇ ಎಂದು ಯೋಚಿಸಬೇಕು. ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಆ ಭಾಷೆಯೇ ಸರಿಯಾಗಿ ಬಾರದ ಅಮೆರಿಕದ ಹುಡುಗನೊಬ್ಬ ವರ್ಷಗಟ್ಟಲೆ ಶ್ರದ್ಧೆಯಿಂದ ಬರೆದು, ನಿರ್ವಾಹಕನೂ ಆಗಿ, 20,000ಕ್ಕೂ ಹೆಚ್ಚು ಲೇಖನಗಳನ್ನು ಸೇರಿಸಿದ್ದ. ಇದು ಲೋಕಕ್ಕೆ ತಿಳಿದದ್ದು 2020ರ ಆಗಸ್ಟ್‌ನಲ್ಲಿ, ಅದೂ ಹೊರಗಿನ ಓದುಗರೊಬ್ಬರು ಗಮನಿಸಿದ್ದರಿಂದ. ಅಲ್ಲಿ ಪರಿಶೀಲನೆಯ ನಿಯಮವಿದ್ದಿದ್ದರೆ ಪರಿಶೀಲಿಸುವವನೂ ಅವನೇ ಆಗಿರುತ್ತಿದ್ದ. ಕ್ರೊಯೇಷಿಯನ್ ವಿಕಿಪೀಡಿಯದ ಪಾಡು ಇನ್ನೂ ಕಷ್ಟದ್ದು. ಸುಮಾರು 10 ವರ್ಷ ನಿರ್ವಾಹಕರ ಒಂದು ಗುಂಪು ಭಿನ್ನಮತದವರನ್ನು ಹೊರದಬ್ಬಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಕ್ರೊಯೇಷಿಯವನ್ನು ಆಳಿದ ನಾತ್ಸಿ ಪರ ಉಸ್ತಾಶಾ ಆಡಳಿತದ ಅಪರಾಧಗಳನ್ನು ಹಗುರವಾಗಿಸಿ ಬರೆಯುತ್ತಿತ್ತು ಎಂಬುದನ್ನು ವಿಕಿಪೀಡಿಯಗಳನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ 2021ರಲ್ಲಿ ಪ್ರಕಟಿಸಿದ ವರದಿ ವಿವರವಾಗಿ ದಾಖಲಿಸಿದೆ. ಬಾಗಿಲು ಕಾಯುವವರ ಕೈಗೆ ಬೀಗವನ್ನೂ ಕೊಡುವ ಮೊದಲು, ಅವರನ್ನು ಪ್ರಶ್ನಿಸುವವರು ಯಾರು ಎಂಬುದು ತೀರ್ಮಾನವಾಗಬೇಕು.

ತುಂಗಾತೀರ:
ಕಡಲಕರೆ ಅವರೇ, ಈ ಎರಡು ಉದಾಹರಣೆಗಳು ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿವೆ. ಆದರೆ ನಮ್ಮ ಸುತ್ತಲಿನ ಒಂದು ಉದಾಹರಣೆಯೂ ಇದೆ. 2010ರ ಆಸುಪಾಸಿನಲ್ಲಿ ಗೂಗಲ್ ಹಣ ಕೊಟ್ಟು, ಇಂಗ್ಲಿಷ್ ಲೇಖನಗಳನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ಅನುವಾದ ಮಾಡಿಸಿ ಆಯಾ ವಿಕಿಪೀಡಿಯಗಳಿಗೆ ಸೇರಿಸಿತು. ಬಂಗಾಳಿ ಸಮುದಾಯ ಗುಣಮಟ್ಟ ಸಾಲದೆಂದು ಅವನ್ನು ನಿರಾಕರಿಸಿತು. ತಮಿಳಿನವರು ಅನುವಾದಕರೊಡನೆ ಕೂತು, ಯಾವ ಲೇಖನ ಬೇಕು, ಭಾಷೆ ಹೇಗಿರಬೇಕು ಎಂದು ಮಾತುಕತೆ ನಡೆಸಿದರು. ಎರಡೂ ಕಡೆ, ಬೇಡ ಎನ್ನುವ ಧೈರ್ಯವಿದ್ದ ಸಮುದಾಯವಿತ್ತು. ಕನ್ನಡದಲ್ಲಿ ಆಗ ಬಂದ ಉದ್ದುದ್ದ ಲೇಖನಗಳಲ್ಲಿ ಕೆಲವನ್ನು ಇಂದಿಗೂ ಎರಡು ಸಲ ಓದಿದರೂ ಅರ್ಥ ಹಿಡಿಯುವುದು ಕಷ್ಟ. ಸಂಖ್ಯೆಯ ಆಸೆಗೆ ಒಮ್ಮೆ ಒಳಬಿಟ್ಟದ್ದನ್ನು ತಿದ್ದಲು ಹೊರಟರೆ ವರ್ಷಗಳೇ ಸಾಲುವುದಿಲ್ಲ.

ಹೊಂಗೆನೆರಳು:
ನಾನು ಬರೆಯಲು ಆರಂಭಿಸಿ ಮೂರು ತಿಂಗಳಾಯಿತು, ಆದ್ದರಿಂದ ಸಂಕೋಚದಿಂದಲೇ ಹೇಳುತ್ತಿದ್ದೇನೆ. ಬೇರೊಂದು ತಾಣದಲ್ಲಿ ನಾನು ಬರೆದದ್ದು ಐದು ವಾರ ಪರಿಶೀಲನೆಯ ಸಾಲಿನಲ್ಲಿ ನಿಂತು, ಕೊನೆಗೆ "ಮಾನದಂಡಕ್ಕೆ ತಕ್ಕುದಲ್ಲ" ಎಂಬ ಒಂದೇ ಸಾಲಿನೊಡನೆ ಮರಳಿ ಬಂತು. ಯಾವ ಮಾನದಂಡ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ತಪ್ಪು ತೋರಿಸಿದ್ದರೆ ತಿದ್ದಿಕೊಳ್ಳುತ್ತಿದ್ದೆ.

ಬಯಲುಸೀಮೆ:
ತುಂಗಾತೀರ ಅವರೇ, ತಮಿಳಿನವರು ಮಾಡಿದ್ದೂ ಕೂತು ಮಾತನಾಡುವ ಕೆಲಸವನ್ನೇ ಅಲ್ಲವೇ? ಅದಕ್ಕೆ ಸಮಯ ಬೇಕು, ಆ ಸಮಯ ನಮ್ಮಲ್ಲಿ ನಾಲ್ಕೈದು ಜನರ ಬಿಡುವಿನಿಂದಲೇ ಬರಬೇಕು ಎಂಬುದನ್ನು ಅಲ್ಲಗಳೆಯುವುದಿಲ್ಲ. ಕಾಲೇಜು ಕಾರ್ಯಕ್ರಮಗಳ ಲೇಖನಗಳಿಗೆ ಮಾತ್ರ ಪ್ರಯೋಗಪುಟವನ್ನು ಕಡ್ಡಾಯ ಮಾಡೋಣ. ಅಧ್ಯಾಪಕರೇ ಮೊದಲ ಓದು ಓದಲಿ. ತಾನಾಗಿ ಬಂದ ಹೊಸಬರಿಗೆ ಬಾಗಿಲು ತೆರೆದಿರಲಿ, ಆದರೆ ಕಾರಣ ಬರೆಯದೆ ಯಾವ ಲೇಖನವನ್ನೂ ಅಳಿಸಬಾರದು.

ತುಂಗಾತೀರ:
ಇದನ್ನು ಒಪ್ಪಬಲ್ಲೆ. ಅಳಿಸಿದ್ದನ್ನು ಪ್ರಶ್ನಿಸಿದರೆ ಅಳಿಸಿದವರಲ್ಲದೆ ಬೇರೊಬ್ಬ ನಿರ್ವಾಹಕರು ನೋಡಬೇಕು ಎಂಬುದನ್ನೂ ಸೇರಿಸಿ, ಕಡಲಕರೆ ಅವರ ಆಕ್ಷೇಪಕ್ಕೆ ಅಷ್ಟಾದರೂ ಉತ್ತರ ಸಿಗುತ್ತದೆ. ಕರಡನ್ನು ಭಾನುವಾರದೊಳಗೆ ಸಮುದಾಯದ ಚರ್ಚಾಪುಟವಾದ ಅರಳಿಕಟ್ಟೆಯಲ್ಲಿ ಹಾಕುತ್ತೇನೆ. ಹೊಂಗೆನೆರಳು ಅವರು ಆ ಮರಳಿ ಬಂದ ಲೇಖನವನ್ನು ತಮ್ಮ ಪ್ರಯೋಗಪುಟದಲ್ಲಿ ಇಟ್ಟರೆ, ಇಂದು ರಾತ್ರಿಯೇ ಓದಿ ನನಗೆ ಕಂಡದ್ದನ್ನು ಸಾಲು ಸಾಲಾಗಿ ಬರೆಯುತ್ತೇನೆ.