ರಿವರ್ಸ್ ಲೈಟಿನಿಂದ ಕ್ಯಾಮೆರಾಗೆ ಕರೆಂಟ್: ಇಂಜಿನ್ ಸ್ಟಾರ್ಟ್ ಆದ ಕೂಡಲೇ ಚಿತ್ರದಲ್ಲಿ ಗೆರೆ

ಪ್ರಶ್ನೆ:
ಕಾರಿನ ಹಿಂಭಾಗದ ಕ್ಯಾಮೆರಾ ನಾನೇ ಹಾಕಿಕೊಂಡೆ. ಡಿಕ್ಕಿಯೊಳಗೆ ರಿವರ್ಸ್ ಬಲ್ಬಿನ ಪ್ಲಸ್ ವೈರಿಗೆ ಕ್ಯಾಮೆರಾದ ಕೆಂಪು, ಅದೇ ಹೋಲ್ಡರಿನ ಅರ್ಥಿಂಗ್ ವೈರಿಗೆ ಕಪ್ಪು. ಬರೀ ಕೀ ಆನ್ ಮಾಡಿ ರಿವರ್ಸ್ ಹಾಕಿದರೆ ಚಿತ್ರ ಸ್ವಚ್ಛವಾಗಿದೆ. ಇಂಜಿನ್ ಸ್ಟಾರ್ಟ್ ಮಾಡಿದರೆ ಅಡ್ಡಗೆರೆಗಳು ಮೇಲಿಂದ ಕೆಳಕ್ಕೆ ಹರಿಯುತ್ತವೆ, ಒಮ್ಮೊಮ್ಮೆ ಸ್ಕ್ರೀನೇ ಕಪ್ಪಾಗುತ್ತೆ. ಆಗ ಬಲ್ಬಿನ ವೈರಿಗೆ ಮಲ್ಟಿಮೀಟರ್ ಹಿಡಿದರೆ 13 ವೋಲ್ಟ್ ಚಿಲ್ಲರೆ ಬರ್ತಿದೆ. ಕ್ಯಾಮೆರಾ ಕೆಟ್ಟಿದೆಯಾ?

ಉತ್ತರ 1:
ಕ್ಯಾಮೆರಾ ಬದಲಿಸೋಕೆ ಹೋಗಬೇಡಿ ಸರ್. ಇಂಜಿನ್ ಓಡುವಾಗ ಮಾತ್ರ ಗೆರೆ ಅಂದ್ರಲ್ಲ, ಸುಳಿವು ಅಲ್ಲೇ ಇದೆ. ಹಳೇ ಕಾರುಗಳಲ್ಲಿ ಗೇರ್‌ಬಾಕ್ಸಿನ ಸ್ವಿಚ್ಚಿಂದ ಬಲ್ಬಿಗೆ ನೇರ ವೈರ್. ಈಗಿನ ಎಷ್ಟೋ ಕಾರುಗಳಲ್ಲಿ ಮಧ್ಯೆ ಬಾಡಿ ಕಂಟ್ರೋಲ್ ಮಾಡ್ಯೂಲ್, ಅಂದ್ರೆ ಲೈಟು ಮುಂತಾದವನ್ನು ನಿಯಂತ್ರಿಸೋ ಪುಟ್ಟ ಕಂಪ್ಯೂಟರ್, ಕೂತಿರುತ್ತೆ. ಇಂಜಿನ್ ಓಡುವಾಗ ಕರೆಂಟ್ ತಯಾರಿಸೋ ಆಲ್ಟರ್ನೇಟರ್ 14 ವೋಲ್ಟಿನ ಆಸುಪಾಸು ಕೊಡೋಕೆ ಶುರು ಮಾಡಿದರೆ, ಬಲ್ಬ್ ಬೇಗ ಸುಟ್ಟುಹೋಗದಿರಲಿ ಅಂತ ಕೆಲವು ಮಾಡ್ಯೂಲ್‌ಗಳು ಆ ಕರೆಂಟನ್ನು ಕಣ್ಣಿಗೆ ಕಾಣದಷ್ಟು ವೇಗವಾಗಿ ಕತ್ತರಿಸಿ ಕತ್ತರಿಸಿ ಬಿಡುತ್ತವೆ. ಬಲ್ಬಿನ ಫಿಲಮೆಂಟ್ ಅಷ್ಟರಲ್ಲಿ ತಣ್ಣಗಾಗಲ್ಲ, ಬೆಳಕು ಒಂದೇ ಸಮ. ಡಿಸಿಯಲ್ಲಿಟ್ಟ ಮೀಟರ್ ತೋರಿಸೋದು ಸರಾಸರಿ, ಅದಕ್ಕೇ 13. ಕ್ಯಾಮೆರಾಗೆ ಮಾತ್ರ ಪ್ರತಿ ಸಲವೂ ಕರೆಂಟ್ ಹೋಗಿ ಬಂದ ಹಾಗೆ.

ಖಚಿತ ಮಾಡಿಕೊಳ್ಳೋಕೆ ಕ್ಯಾಮೆರಾದ ಕೆಂಪು ವೈರನ್ನು ಬಿಚ್ಚಿ, 1 ಆಂಪ್ ಫ್ಯೂಸ್ ಹಾಕಿ, ಬೇರೆ ಯಾವುದಾದರೂ ಸ್ಥಿರವಾದ 12 ವೋಲ್ಟಿಗೆ ಕೊಟ್ಟು ನೋಡಿ. ಡಿಕ್ಕಿಯಲ್ಲಿ ಪವರ್ ಸಾಕೆಟ್ ಇದ್ದರೆ ಅದೇ ಸಾಕು. ಬ್ರೇಕ್ ಮೇಲೆ ಕಾಲಿಟ್ಟು ಒಬ್ಬರು ಕೂತಿರಲಿ, ಗೇರ್ ಬಿದ್ದಿರುವಾಗ ಕಾರಿನ ಹಿಂದೆ ಯಾರೂ ನಿಲ್ಲಬೇಡಿ.

ಉತ್ತರ 2:
ಅರ್ಥಿಂಗ್ ಕೂಡ ನೋಡಿ. ಹೋಲ್ಡರಿನ ಕಪ್ಪು ವೈರ್ ಟೈಲ್ ಲೈಟು, ಇಂಡಿಕೇಟರ್ ಎಲ್ಲಕ್ಕೂ ಸಾಮಾನ್ಯವಾಗಿ ಒಂದೇ ಇರುತ್ತೆ. ಲೈಟೆಲ್ಲ ಉರೀತಿರುವಾಗ ಆ ವೈರಿಗೂ ಬಾಡಿಯ ಬರೀ ಲೋಹಕ್ಕೂ ಮಧ್ಯೆ ಮೀಟರ್ ಹಿಡಿಯಿರಿ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ನಾನಂತೂ ಆ ಜಾಗ ನಂಬಲ್ಲ.

ಪ್ರಶ್ನೆ ಕೇಳಿದವರು:
ಸಾಕೆಟ್ಟಿಂದ ಕೊಟ್ಟೆ, ಗೆರೆ ಇಲ್ಲ. ಹಾಗಾದ್ರೆ ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡೋ ಸ್ವಿಚ್) ಹಾಕಲೇಬೇಕಾ?

ಉತ್ತರ 1:
ಎಲ್ಲರೂ ರಿಲೇ ಅಂತಾರೆ. ಎಕ್ಸ್‌ಟ್ರಾ ಲೈಟ್ ಹಾಕೋದಾದರೆ ಬೇಕೇ ಬೇಕು, ಅದರ ಭಾರ ಮಾಡ್ಯೂಲ್ ಮೇಲೆ ಬೀಳಬಾರದು. ಬರೀ ಕ್ಯಾಮೆರಾ ಎಳೆಯೋದು ಸಾಮಾನ್ಯವಾಗಿ 0.2 ಆಂಪಿಗಿಂತ ಕಮ್ಮಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡೋ ಒಂದು ಡಯೋಡು, ಕರೆಂಟ್ ಕೂಡಿಟ್ಟು ಮಧ್ಯದ ಖಾಲಿ ತುಂಬೋ ಒಂದು ಕೆಪಾಸಿಟರ್ ಸಾಕು. ರಿವರ್ಸ್ ವೈರಿಂದ ಫ್ಯೂಸ್, ಆಮೇಲೆ 10 ಓಮ್ ರೆಸಿಸ್ಟರ್, ಆಮೇಲೆ 1ಎನ್4007 ಡಯೋಡ್. ಡಯೋಡಿನ ಬಿಳಿ ಪಟ್ಟಿ ಕ್ಯಾಮೆರಾ ಕಡೆಗಿರಲಿ. ಪಟ್ಟಿಯ ಕಡೆಯಿಂದ ಅರ್ಥಿಂಗಿಗೆ 1000 ಮೈಕ್ರೋಫ್ಯಾರಡ್, 25 ವೋಲ್ಟಿನ ಕೆಪಾಸಿಟರ್. ಅದರ ಮೈನಸ್ ಕಾಲು ಅರ್ಥಿಂಗಿಗೆ. ಉಲ್ಟಾ ಹಾಕಿದರೆ ಸಿಡಿಯುತ್ತೆ. ರಿವರ್ಸ್ ಬಿತ್ತು ಅಂತ ಸ್ಕ್ರೀನಿಗೆ ತಿಳಿಸೋ ಸಿಗ್ನಲ್ ವೈರನ್ನೂ ಡಯೋಡಿನ ಪಟ್ಟಿಯ ಕಡೆಯಿಂದಲೇ ತಗೊಳ್ಳಿ, ಇಲ್ಲಾಂದ್ರೆ ಕಪ್ಪಾಗೋದು ನಿಲ್ಲಲ್ಲ.

ಇನ್ನೊಂದು, ಜಾಯಿಂಟ್ ಹೇಗೆ ಮಾಡಿದ್ದೀರಿ? ಒತ್ತಿದರೆ ಕಚ್ಚಿಕೊಳ್ಳೋ ಪ್ಲಾಸ್ಟಿಕ್ ಕ್ಲಿಪ್ ಆದರೆ ಕಿತ್ತುಹಾಕಿ. ಒಳಗಿನ ಬ್ಲೇಡು ವೈರಿನ ಎಳೆಗಳನ್ನೇ ಕತ್ತರಿಸಿರಬಹುದು. ಸಾಲ್ಡರ್ ಮಾಡಿ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ. ಬರೀ ಟೇಪ್ ಸುತ್ತಿದರೆ ಸೆಖೆಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ.

ಪ್ರಶ್ನೆ ಕೇಳಿದವರು:
ಹಾಕಿದೆ, ಹರಿಯೋ ಗೆರೆ ಮಾಯ. ಆದರೆ ಇಂಡಿಕೇಟರ್ ಹಾಕಿದಾಗ ಅದರ ತಾಳಕ್ಕೆ ಚಿತ್ರ ಸ್ವಲ್ಪ ಮಿನುಗ್ತಿತ್ತು. ಎರಡನೆಯವರು ಹೇಳಿದ ಹಾಗೆ ಅಳೆದರೆ 0.4 ಬಂತು. ಡಿಕ್ಕಿಯ ಪಕ್ಕದ ಬೋಲ್ಟಿನ ಕೆಳಗೆ ಪೇಂಟ್ ಕೆರೆದು ಕಪ್ಪು ವೈರನ್ನು ಅಲ್ಲಿಗೇ ಕಟ್ಟಿದೆ. ಈಗ ಮಿನುಗಲ್ಲ.

ಉತ್ತರ 2:
ಕೆರೆದ ಜಾಗಕ್ಕೆ ಸ್ವಲ್ಪ ಗ್ರೀಸ್ ಸವರಿ, ಇಲ್ಲಾಂದ್ರೆ ತುಕ್ಕು ಹಿಡಿಯುತ್ತೆ.