ಥೈರಾಯ್ಡ್, ಪಿಸಿಓಡಿ, ಮೈಗ್ರೇನ್, ಅಸ್ತಮಾ ಎಲ್ಲಾ ಒಟ್ಟಿಗೆ ಇದೆ, ಯಾವ ಡಾಕ್ಟ್ರ ಮಾತು ಕೇಳ್ಲಿ?

ಪ್ರಶ್ನೆ:
ನಮಸ್ತೆ ಮೇಡಂ, ನಂಗೆ 26 ವರ್ಷ, ಊರು ದಾವಣಗೆರೆ ಕಡೆ, ಬೆಂಗಳೂರಲ್ಲಿ ಪಿಜಿಲಿದ್ದು ಕೆಲಸ ಮಾಡ್ತಿದೀನಿ. ಚಿಕ್ಕೋಳಿದ್ದಾಗಿಂದ ಅಸ್ತಮಾ, ಕಾಲೇಜಲ್ಲಿ ಥೈರಾಯ್ಡ್ ಬಂತು, ಆಮೇಲೆ ಪಿಸಿಓಡಿ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪೋ ಅಂಡಾಶಯದ ತೊಂದ್ರೆ) ಅಂದ್ರು, ಈಗ ಮೈಗ್ರೇನ್ ಬೇರೆ, ತಲೆನೋವು ಶುರುವಾಗೋ ಮುಂಚೆ ಕಣ್ಮುಂದೆ ಮಿಂಚೋ ಥರ ಅಂಕುಡೊಂಕು ಗೆರೆ ಬರುತ್ತೆ. ಒಂದೊಂದಕ್ಕೆ ಒಬ್ಬೊಬ್ರು ಡಾಕ್ಟ್ರು. ರಕ್ತ ಕಮ್ಮಿ ಅಂತ ಐರನ್ ಮಾತ್ರೆನೂ ಇದೆ. ಬೆಳಗ್ಗೆ ಕ್ಯಾಬ್ ಬರೋ ಗಡಿಬಿಡಿಲಿ ಎಲ್ಲಾ ಒಟ್ಟಿಗೆ ನುಂಗಿ ಕಾಫಿ ಕುಡಿದು ಓಡ್ತೀನಿ. ಥೈರಾಯ್ಡ್ ಡೋಸ್ ಜಾಸ್ತಿ ಮಾಡಿದ್ರೂ ಟಿಎಸ್‌ಎಚ್ (ಥೈರಾಯ್ಡ್ ಕಮ್ಮಿ ಇದ್ರೆ ರಕ್ತದಲ್ಲಿ ಏರೋ ಹಾರ್ಮೋನ್) ಇಳೀತಾನೇ ಇಲ್ಲ, ಸುಸ್ತು ಅಂದ್ರೆ ಸುಸ್ತು. ಪೀರಿಯಡ್ಸ್ ಸರಿ ಆಗ್ಲಿ ಅಂತ ಗೈನಕಾಲಜಿಸ್ಟ್ ಹಾರ್ಮೋನ್ ಪಿಲ್ಸ್ ಬರ್ಕೊಟ್ಟಿದಾರೆ, ಇನ್ನೂ ಶುರು ಮಾಡಿಲ್ಲ. ಮನೇಲಿ ಮದುವೆ ಆದ್ರೆ ಎಲ್ಲಾ ಸರಿಹೋಗುತ್ತೆ ಅಂತಾರೆ, ಆಫೀಸಲ್ಲಿ ಈ ವಯಸ್ಸಿಗೇ ಇಷ್ಟೊಂದಾ ಅಂತ ನಗ್ತಾರೆ. ಸಾಕಾಗಿದೆ ಮೇಡಂ.

ಉತ್ತರ (ಫಿಸಿಷಿಯನ್):
ಪಿಲ್ಸ್ ಶುರು ಮಾಡ್ದೆ ಇದ್ದಿದ್ದು ಒಳ್ಳೇದಾಯ್ತಮ್ಮ, ಮೊದ್ಲು ಅದನ್ನೇ ಹೇಳ್ತೀನಿ. ನೀವು ಹೇಳ್ತಿರೋ ಗೆರೆಗೆ ನಾವು ಔರಾ ಅಂತೀವಿ. ಔರಾ ಇರೋ ಮೈಗ್ರೇನ್‌ನವ್ರು ಈಸ್ಟ್ರೋಜನ್ ಇರೋ ಪಿಲ್ಸ್ ತಗೊಂಡ್ರೆ ಸ್ಟ್ರೋಕ್ ಆಗೋ ಸಾಧ್ಯತೆ ಜಾಸ್ತಿ, ವಿಶ್ವ ಆರೋಗ್ಯ ಸಂಸ್ಥೆನೂ ಇಂಥವ್ರಿಗೆ ಅದು ಬೇಡ ಅಂತಾನೇ ಹೇಳುತ್ತೆ. ಗೈನಕಾಲಜಿಸ್ಟ್‌ಗೆ ಈ ಗೆರೆ ವಿಷಯ ಹೇಳಿದೀರಾ? ಪೀರಿಯಡ್ಸ್ ಬಗ್ಗೆ ಮಾತಾಡೋಕೆ ಹೋದಾಗ ಕಣ್ಣಿನ ಕಥೆ ಯಾರು ಹೇಳ್ತಾರೆ, ಅವ್ರೂ ಕೇಳಿರಲ್ಲ. ಹೇಳಿ, ಈಸ್ಟ್ರೋಜನ್ ಇಲ್ದೆ ಪ್ರೊಜೆಸ್ಟಿರಾನ್ ಅನ್ನೋ ಇನ್ನೊಂದು ಹಾರ್ಮೋನ್ ಮಾತ್ರ ಇರೋ ದಾರಿಗಳಿವೆ. ಹಾಗಂತ ಮೂರು ತಿಂಗಳಿಗೂ ಮೇಲೆ ಮುಟ್ಟು ಬರ್ದೇ ಇದ್ರೆ ಸುಮ್ನೆ ಬಿಡೋ ಹಾಗಿಲ್ಲ, ಗರ್ಭಕೋಶದ ಒಳಪದರ ದಪ್ಪ ಆಗ್ತಾ ಹೋಗುತ್ತೆ.

ಇನ್ನು ಟಿಎಸ್‌ಎಚ್. ಐರನ್ ಮಾತ್ರೆ ಥೈರಾಯ್ಡ್ ಮಾತ್ರೆನ ಹೊಟ್ಟೇಲೇ ಕಟ್ಟಿಹಾಕುತ್ತೆ, ರಕ್ತಕ್ಕೆ ಹೋಗೋಕೆ ಬಿಡಲ್ಲ, ಕ್ಯಾಲ್ಸಿಯಂದೂ ಅದೇ ಕಥೆ, ಜೊತೆಗೆ ಕಾಫಿ. ಡೋಸ್ ಎಷ್ಟು ಏರಿಸಿದ್ರೂ ಏನು ಬಂತು! ಎದ್ದ ತಕ್ಷಣ ಥೈರಾಯ್ಡ್ ಮಾತ್ರೆ ಬರೀ ನೀರಲ್ಲಿ, ಅರ್ಧ-ಮುಕ್ಕಾಲು ಗಂಟೆ ಬಿಟ್ಟು ಕಾಫಿ-ತಿಂಡಿ, ಐರನ್ ಕನಿಷ್ಠ 4 ಗಂಟೆ ಆದ್ಮೇಲೆ, ಮಧ್ಯಾಹ್ನಕ್ಕೆ ಹಾಕ್ಕೊಳ್ಳಿ. 6ರಿಂದ 8 ವಾರ ಹೀಗೇ ತಗೊಂಡು ಟೆಸ್ಟ್ ಮಾಡ್ಸಿ. ಈಗ ಏರಿಸಿರೋ ಡೋಸ್ ಪೂರ್ತಿ ರಕ್ತಕ್ಕೆ ಸೇರಿದ್ರೆ ಜಾಸ್ತಿನೂ ಆಗ್ಬೋದು, ಎದೆ ಡವಗುಟ್ಟೋದು ಕೈ ನಡುಗೋದು ಕಂಡ್ರೆ ಅಷ್ಟು ದಿನ ಕಾಯ್ಬೇಡಿ. ಕೂದಲಿಗೆ ಅಂತ ಬಯೋಟಿನ್ ವಿಟಮಿನ್ ಏನಾದ್ರೂ ತಿಂತಿದ್ರೆ ಟೆಸ್ಟಿಗೆ ಎರಡು ದಿನ ಮುಂಚೆ ನಿಲ್ಸಿ, ರಿಪೋರ್ಟೇ ತಪ್ಪು ತೋರ್ಸುತ್ತೆ.

ಸದಸ್ಯರೊಬ್ಬರು:
ಅಕ್ಕಾ ನಂಗೂ ಮೈಗ್ರೇನ್ ಇತ್ತು, ಪ್ರೊಪ್ರನೊಲಾಲ್ ಕೊಟ್ಟಿದ್ರು, ಸೂಪರ್ ಆಗಿ ಕೆಲಸ ಮಾಡ್ತು, ನೀವೂ ಟ್ರೈ ಮಾಡಿ.

ಫಿಸಿಷಿಯನ್:
ದಯವಿಟ್ಟು ಬೇಡ. ಒಳ್ಳೆ ಔಷಧಿನೇ, ಆದ್ರೆ ಇವ್ರಿಗೆ ಅಸ್ತಮಾ ಇದೆ, ಅದು ಉಸಿರ್ನಾಳ ಬಿಗಿ ಮಾಡುತ್ತೆ. ಇದಕ್ಕೇ ನಾನು ಹೇಳೋದು, ನಾಲ್ಕು ಕಾಯಿಲೆ ಇರೋರಿಗೆ ನಾಲ್ಕನ್ನೂ ಒಟ್ಟಿಗೆ ನೋಡೋ ಒಬ್ಬ ಡಾಕ್ಟ್ರು ಬೇಕು ಅಂತ. ಯಾವ ಕ್ಲಿನಿಕ್‌ಗೆ ಹೋದ್ರೂ ಎಲ್ಲಾ ಮಾತ್ರೆ, ಇನ್ಹೇಲರ್ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ ಟೇಬಲ್ ಮೇಲೆ ಸುರೀರಿ, ಕೆಲವ್ರು ಮುಖ ಗಂಟಿಕ್ಕಬಹುದು, ಗಂಟಿಕ್ಲಿ ಬಿಡಿ.

ಪ್ರಶ್ನೆ ಕೇಳಿದವರು:
ಇದನ್ನೆಲ್ಲಾ ಯಾರೂ ಹೇಳಿರ್ಲಿಲ್ಲ ಮೇಡಂ. ತಲೆನೋವಿಗೆ ಮೆಡಿಕಲ್‌ನಿಂದ ನೋವಿನ ಮಾತ್ರೆ ತರ್ತೀನಿ, ದಿನಬಿಟ್ಟು ದಿನ ಬೇಕಾಗುತ್ತೆ. ಮತ್ತೆ ಈ ಸುಸ್ತು ನನ್ನ ಸೋಮಾರಿತನ ಅಲ್ವಾ?

ಫಿಸಿಷಿಯನ್:
ಟಿಎಸ್‌ಎಚ್ ಏರಿ, ರಕ್ತ ಕಮ್ಮಿ ಇಟ್ಕೊಂಡು ಕೆಲಸಕ್ಕೆ ಹೋಗ್ತಿರೋರನ್ನ ಸೋಮಾರಿ ಅನ್ನೋಕಾಗುತ್ತಾ. ಮದುವೆಯಿಂದ ಥೈರಾಯ್ಡ್ ಇಳಿಯಲ್ಲ ಅಂತ ಅಮ್ಮಂಗೆ ನಾನು ಹೇಳ್ದೆ ಅಂತಾನೇ ಹೇಳಿ. ತೀರಾ ಬೇಜಾರಾದಾಗ 14416ಕ್ಕೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಅದು, ದುಡ್ಡು ಕೊಡೋ ಹಾಗಿಲ್ಲ, ಕನ್ನಡದಲ್ಲೇ ಮಾತಾಡ್ಬೋದು.

ನೋವಿನ ಮಾತ್ರೆ ವಿಷಯ ಸೀರಿಯಸ್. ತಿಂಗಳಲ್ಲಿ 15 ದಿನ ಮಾಮೂಲಿ ನೋವಿನ ಮಾತ್ರೆ ನುಂಗ್ತಾ ಹೋದ್ರೆ ಆ ಮಾತ್ರೆಯಿಂದಲೇ ತಲೆನೋವು ಬರೋಕೆ ಶುರುವಾಗುತ್ತೆ, ಕೆಲವು ಬಗೆಯವಕ್ಕೆ 10 ದಿನವೇ ಸಾಕು. ಕೆಲವು ಅಸ್ತಮಾದವ್ರಿಗೆ ಐಬುಪ್ರೊಫೆನ್, ಡೈಕ್ಲೊಫಿನಾಕ್ ಥರದವು ಉಬ್ಬಸನೂ ತರ್ತವೆ. ನೀವು ತಿಂತಿರೋದು ಯಾವ್ದು, ಸ್ಟ್ರಿಪ್ ಹಿಂದೆ ಬರ್ದಿರೋ ಹೆಸರು ಇಲ್ಲೇ ಹಾಕಿ.