ಸಹಾಯ ಬೇಕು: ಸೊರೊರಿಟಿ ಹುಡುಗಿಯರಿಗಾಗಿ ಒಂದು ಡಿಸೈನ್ ಪ್ರಾಜೆಕ್ಟ್

ನಮಸ್ಕಾರ. ನಾನು ಅಮೆರಿಕದ ಜಾರ್ಜಿಯಾದಲ್ಲಿ ಡಿಸೈನ್ ಓದುತ್ತಿದ್ದೇನೆ. ಸೊರೊರಿಟಿ ಅಂದರೆ ಇಲ್ಲಿನ ಕಾಲೇಜು ಹುಡುಗಿಯರ ಸಂಘ. ಇದೇ ರಾಜ್ಯದ ಮೇಕನ್‌ನ ವೆಸ್ಲಿಯನ್ ಕಾಲೇಜಿನಲ್ಲಿ 1851ರಲ್ಲೇ ಹುಡುಗಿಯರು ಅಡೆಲ್ಫಿಯನ್ ಅಂತ ಇಂಥದ್ದೇ ಒಂದು ಸಂಘ ಕಟ್ಟಿದ್ದರು. ಈಗ ನಮ್ಮ ಸೊರೊರಿಟಿಯಲ್ಲಿ ಹೊಸಬಳಿಗೆ ಒಬ್ಬಳು ‘ಬಿಗ್’ ಸಿಗುತ್ತಾಳೆ, ಅಂದರೆ ಅಕ್ಕ ಇದ್ದ ಹಾಗೆ. ಅದು ಯಾರು ಅಂತ ಗೊತ್ತಾಗುವ ದಿನ ಅಪ್ಪುಗೆ, ಅಳು, ಬುಟ್ಟಿ ತುಂಬಾ ಗಿಫ್ಟು, ನೂರೆಂಟು ಫೋಟೋ. ಆದರೆ ಪರೀಕ್ಷೆ ಹೊತ್ತಿಗೆ ರೂಮಿನಲ್ಲಿ ಒಬ್ಬಳೇ ಅಳುವವಳನ್ನು ಕೇಳುವವರಿಲ್ಲ (ನಾನೂ ಅತ್ತಿದ್ದೇನೆ ಬಿಡಿ).

ಬಾಯಿಬಿಟ್ಟು ಕೇಳೋಕೆ ಸಂಕೋಚ ಪಡುವವರಿಗೆ ಬಣ್ಣದ ಕಾರ್ಡು ಮಾಡುತ್ತಿದ್ದೇನೆ, ಹಳದಿ ಕಾರ್ಡನ್ನು ಬಾಗಿಲಿಗೆ ಸಿಕ್ಕಿಸಿದರೆ ‘ಬಾ, ಸುಮ್ನೆ ಜೊತೆಗೆ ಕೂತ್ಕೋ’ ಅಂತ ಅರ್ಥ. ಆದರೆ ಬಾಗಿಲಲ್ಲಿದ್ದರೆ ಎಲ್ಲರಿಗೂ ಕಾಣುತ್ತದೆ, ಅಲ್ವಾ? ಅಕ್ಕನಿಗೆ ಮಾತ್ರ ಗೊತ್ತಾಗುವ ಹಾಗೆ ಹೇಗೆ ಮಾಡಲಿ? ಆ್ಯಪ್ ಮಾತ್ರ ಬೇಡ, ಫೋನ್ ಕಾಟ ಈಗಲೇ ಜಾಸ್ತಿ. ಹಾಸ್ಟೆಲ್‌ನಲ್ಲಿದ್ದವರು, ಡಿಸೈನ್ ಕೆಲಸದವರು ಏನಾದರೂ ಐಡಿಯಾ ಕೊಡಿ, ಶುಕ್ರವಾರ ತೋರಿಸಬೇಕು.